68 ಶೆವೆಲ್, 12 ಬೋಲ್ಟ್ ಆಕ್ಸಲ್: 3.73 ಗಿಯರ್ ಹಾಕಿಸಿದ್ಮೇಲೆ ಪೆಡಲ್ ಬಿಟ್ಟಾಗ ಮಾತ್ರ ಗುಂಯ್ ಅಂತ ಸದ್ದು

ಟ್ರಾಯ್ ಶೆವೆಲ್:
ಎಲ್ರಿಗೂ ನಮಸ್ಕಾರ. ಮಿಶಿಗನ್‌ನಲ್ಲಿರೋದು ನಾನು, ಗಾಡಿ ಷೆವರ್ಲೆ ಕಂಪ್ನಿಯ 1968ರ ಶೆವೆಲ್ ಎಸ್‌ಎಸ್ 396, ಮನ್ಸಿ ಎಂ21 ಫೋರ್ ಸ್ಪೀಡ್ ಗಿಯರ್‌ಬಾಕ್ಸ್, ಹಿಂದಿನ ಆಕ್ಸಲ್ 12 ಬೋಲ್ಟ್ ಪೋಸಿ (ಎರಡೂ ಹಿಂದಿನ ಚಕ್ರ ಒಟ್ಟಿಗೆ ಎಳೆಯೋ ಥರದ ಡಿಫರೆನ್ಷಿಯಲ್). ಎಂ21ರ ಫಸ್ಟ್ ಗಿಯರ್ 2.20 ಅಷ್ಟೇ, ಹಿಂದಿನ ಆಕ್ಸಲ್ ಗಿಯರ್ ಅನುಪಾತ 3.31 ಇತ್ತು, ಹೀಗಾಗಿ ಸಿಗ್ನಲ್‌ನಿಂದ ಎತ್ಬೇಕಾದ್ರೆ ಕ್ಲಚ್ ಸುಟ್ಟು ಹೋಗತ್ತೇನೋ ಅನ್ಸೋದು. ಅದಕ್ಕೇ 3.73 ಸೆಟ್, ಬೇರಿಂಗ್ ಕಿಟ್ ಎಲ್ಲಾ ನಾನೇ ತಂದ್ಕೊಟ್ಟು ಹತ್ತಿರದ ಒಂದು ಶಾಪ್‌ನಲ್ಲಿ ಹಾಕಿಸ್ದೆ. ಎಳೆಯೋದು ಈಗ ಸೂಪರ್, ಅದರಲ್ಲಿ ಮಾತಿಲ್ಲ.

ಆದ್ರೆ 45ರಿಂದ 60 ಮೈಲಿ ಸ್ಪೀಡಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಹಿಂದಿನಿಂದ ಗುಂಯ್ ಅಂತ ಶುರುವಾಗತ್ತೆ, ಪೆಡಲ್ ಒತ್ತಿದ್ರೆ ಪೂರ್ತಿ ಸೈಲೆಂಟು. ಅದೇ ಸ್ಪೀಡಲ್ಲಿ ಥರ್ಡ್‌ಗೆ ಹಾಕಿದ್ರೂ ಸದ್ದು ಬದಲಾಗಲ್ಲ, ಹಾಗಾಗಿ ಗಿಯರ್‌ಬಾಕ್ಸ್ ಅಲ್ಲ ಅಂದ್ಕೊಂಡಿದೀನಿ. ಶಾಪ್‌ನವ್ರು "ಹೊಸ ಗಿಯರ್, ಓಡ್ತಾ ಓಡ್ತಾ ಸರಿಹೋಗತ್ತೆ, ಇಲ್ಲಾಂದ್ರೆ ದಪ್ಪ ಆಯಿಲ್ ಹಾಕಿ" ಅಂತಾರೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನೋ ಹಳೇ ಕಾರುಗಳ ಮೆರವಣಿಗೆಗೆ ತಗೊಂಡು ಹೋಗ್ಬೇಕು ಅಂತ ತುಂಬಾ ಆಸೆ ಇದೆ. ಓಡಿಸ್ಲಾ, ಬಿಚ್ಲಾ?

ಹನ್ನೆರಡು ಬೋಲ್ಟ್:
ಓಡಿಸ್ಬೇಡಿ ಸಾರ್, ದಯವಿಟ್ಟು. ಹಿಂದಿನ ಗಿಯರ್ ಸದ್ದು ಓಡ್ತಾ ಓಡ್ತಾ ಕಮ್ಮಿ ಆಗೋದು ನಾನಂತೂ ನೋಡಿಲ್ಲ, ಆ ಹಲ್ಲು ಅದೇ ತಪ್ಪು ಜಾಗದಲ್ಲಿ ಸವೆದು ಕೂತ್ಬಿಟ್ರೆ ಆಮೇಲೆ ಏನು ಸೆಟ್ ಮಾಡಿದ್ರೂ ಸದ್ದು ಹೋಗಲ್ಲ, ಹೊಸ ಸೆಟ್ಟೇ ತರ್ಬೇಕು. ದಪ್ಪ ಆಯಿಲ್ ಹಾಕಿದ್ರೆ ಸದ್ದು ಸ್ವಲ್ಪ ಮುಚ್ಚಿಹೋಗತ್ತೆ ಅಷ್ಟೇ, ಕಾಯಿಲೆ ಅಲ್ಲೇ ಇರತ್ತೆ.

ಎಳೆಯೋವಾಗ ಸದ್ದು ಬಂದ್ರೆ ನಾನು ಮೊದಲು ಹಲ್ಲು ಕೂತಿರೋ ರೀತಿ ನೋಡ್ತೀನಿ. ಪೆಡಲ್ ಬಿಟ್ಟಾಗ ಮಾತ್ರ ಬಂದ್ರೆ ಮೊದಲ ಅನುಮಾನ ಪಿನಿಯನ್ (ಡ್ರೈವ್ ಶಾಫ್ಟ್ ತಿರುಗಿಸೋ ಚಿಕ್ಕ ಗಿಯರ್) ಬೇರಿಂಗ್ ಪ್ರೀಲೋಡ್, ಅಂದ್ರೆ ಬೇರಿಂಗ್‌ಗೆ ಮೊದಲೇ ಕೊಟ್ಟಿರೋ ಬಿಗಿ, ಅದರ ಮೇಲೆ. ಲೋಡ್ ಇದ್ದಾಗ ಪಿನಿಯನ್ ಒಂದು ಕಡೆ ಒತ್ಕೊಂಡಿರತ್ತೆ, ಬಿಟ್ಟ ತಕ್ಷಣ ಇನ್ನೊಂದು ಕಡೆಗೆ ಎಳೆಯತ್ತೆ, ಬೇರಿಂಗ್ ಲೂಸ್ ಇದ್ರೆ ಆಗ ಅದು ಜಾಗ ಬಿಟ್ಟು ಸರಿಯತ್ತೆ, ಹಲ್ಲು ಹೊಂದಲ್ಲ, ಊಳಿಡತ್ತೆ.

ಮೊದಲು ಡ್ರೈವ್ ಶಾಫ್ಟ್ ಇಳಿಸಿ, ಪಿನಿಯನ್ ಯೋಕ್ (ಡ್ರೈವ್ ಶಾಫ್ಟ್ ಸೇರೋ ತುದಿ) ಹಿಡ್ಕೊಂಡು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡ್ಸಿ ನೋಡಿ. ತಿರುಗಿಸೋವಾಗ ಚೂರು ಆಟ ಇದ್ರೆ ಅದು ಬ್ಯಾಕ್‌ಲ್ಯಾಶ್, ಇರ್ಲೇಬೇಕು. ಹಿಂದೆ ಮುಂದೆ ಕೂದಲೆಳೆಯಷ್ಟು ಅಲ್ಲಾಡಿದ್ರೂ ತಪ್ಪು. ಇನ್ನೊಂದು ಮಾತು, ಶಾಪ್‌ನವ್ರು ಮಿಕ್ಕಿದ್ದ ಸಾಮಾನು ವಾಪಸ್ ಕೊಟ್ಟಿದ್ರೆ ಆ ಬಾಕ್ಸ್ ತೆಗೆದು ನೋಡಿ, ಕ್ರಷ್ ಸ್ಲೀವ್ (ಪಿನಿಯನ್ ನಟ್ ಬಿಗಿದಾಗ ನಜ್ಜಿ ಪ್ರೀಲೋಡ್ ಹಿಡಿಯೋ ಚಿಕ್ಕ ಕೊಳವೆ) ಅದರಲ್ಲೇ ಇದ್ಯಾ ಅಂತ.

ಹುಬ್ಬಳ್ಳಿ ಗ್ಯಾರೇಜ್:
ನಾವು ಇಲ್ಲಿ ಜೀಪಿನ ಕ್ರೌನ್ (ದೊಡ್ಡ ರಿಂಗ್ ಗಿಯರ್) ಪಿನಿಯನ್ ಕೆಲಸ ಮಾಡ್ತೀವ್ರಿ, ಶೆವೆಲ್ ಕೈಯಾಗ ಹಿಡಿದಿಲ್ಲ ಆದ್ರ ಹಲ್ಲಿನ ಲೆಕ್ಕ ಎಲ್ಲಾ ಕಡೆ ಒಂದ ಐತ್ರಿ. ಕವರ್ ತೆಗೆದ ಕೂಡ್ಲೆ ಏನೂ ಬಿಚ್ಚಬ್ಯಾಡ್ರಿ, ಮೊದಲ ಬಣ್ಣ ಹಚ್ಚಿ ನೋಡ್ರಿ. ನಾಕೈದು ಹಲ್ಲಿಗೆ ತೆಳ್ಳಗ ಹಚ್ಚಿ, ಕ್ರೌನಿಗೆ ಕಟಗಿ ತುಂಡು ಒತ್ತಿ ಹಿಡಿದು ಎರಡೂ ಕಡೆ ತಿರುಗಿಸ್ರಿ, ಭಾರ ಇಲ್ದ ತಿರುಗಿಸಿದ್ರ ಗುರುತು ಸರಿಯಾಗಿ ಬೀಳೂದಿಲ್ಲ. ಗುರುತು ಹಲ್ಲಿನ ಬುಡಕ್ಕ ಬಿದ್ರ ಪಿನಿಯನ್ ಭಾಳ ಒಳಗ ಹೋಗೇತಿ, ಶಿಮ್ (ಸಂದಿನ್ಯಾಗ ಹಾಕೂ ಲೋಹದ ಬಿಲ್ಲೆ) ತೆಳುವು ಬೇಕು. ತುದಿಗೆ ಬಿದ್ರ ದಪ್ಪ ಶಿಮ್ ಬೇಕು. ನಡುವ ಬಿದ್ರ ಶಿಮ್ಮಿಗೆ ಕೈ ಹಚ್ಚಬ್ಯಾಡ್ರಿ. ಮತ್ತ ಸೈಡ್ ಬೇರಿಂಗ್ ಕ್ಯಾಪ್ ಬಿಚ್ಚೂ ಮುಂಚೆ ಎಡ ಬಲ ಗುರುತು ಮಾಡ್ರಿ, ಅದಲು ಬದಲು ಆದ್ರ ಕೂಡೂದಿಲ್ಲ.

ಟ್ರಾಯ್ ಶೆವೆಲ್:
ಇಬ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಯೋಕ್ ಹಿಂದೆ ಮುಂದೆ ಅಲ್ಲಾಡ್ತಿದೆ, ಜಾಸ್ತಿ ಅಲ್ಲ, ಆದ್ರೆ ಟಕ್ ಅಂತ ಕೈಗೆ ಗೊತ್ತಾಗತ್ತೆ. ಬಾಕ್ಸ್‌ನಲ್ಲಿ ನೋಡಿದ್ರೆ ನಾನು ತಂದಿದ್ದ ಹೊಸ ಕ್ರಷ್ ಸ್ಲೀವ್ ಪ್ಲಾಸ್ಟಿಕ್ ಕವರೂ ಹರಿದಿಲ್ಲ, ಪಕ್ಕದಲ್ಲೇ ಹೊಸ ಪಿನಿಯನ್ ನಟ್ ಕೂಡ! ಅಂದ್ರೆ ಹಳೇದನ್ನೇ ಹಾಕಿ ಟೈಟ್ ಮಾಡಿದಾರೆ. ಹಳದಿ ಪೇಸ್ಟ್ ಹಚ್ಚಿ ನೋಡ್ದೆ, ಗುರುತು ಎರಡೂ ಕಡೆ ಹಲ್ಲಿನ ನಡುವೆ ಚೆನ್ನಾಗೇ ಬಿದ್ದಿದೆ, ಬ್ಯಾಕ್‌ಲ್ಯಾಶ್ 0.007 ಇಂಚು. ಹಾಗಾದ್ರೆ ಈಗ ಆ ನಟ್ ಇನ್ನೂ ಸ್ವಲ್ಪ ಟೈಟ್ ಮಾಡಿದ್ರೆ ಸಾಕಾ?

ಹನ್ನೆರಡು ಬೋಲ್ಟ್:
ಬೇಡ ಸಾರ್. ಒಂದ್ಸಲ ನಜ್ಜಿದ ಸ್ಲೀವ್‌ಗೆ ನಟ್‌ನ ಎದುರು ಒತ್ತೋ ಶಕ್ತಿ ಸರಿಯಾಗಿರಲ್ಲ, ಇವತ್ತು ಟೈಟ್ ಅನ್ಸಿದ್ರೂ ನಾಳೆ ಮತ್ತೆ ಲೂಸ್ ಆಗತ್ತೆ. ಒಳ್ಳೇ ಸುದ್ದಿ ಅಂದ್ರೆ 0.005ರಿಂದ 0.008 ಒಳಗೆ ಬ್ಯಾಕ್‌ಲ್ಯಾಶ್ ಇದೆ, ಗುರುತೂ ನಡುವೆ ಇದೆ, ಪಿನಿಯನ್ ಶಿಮ್ ಒಳಗಿನ ದೊಡ್ಡ ಬೇರಿಂಗ್ ಹಿಂದೆ ಇರೋದ್ರಿಂದ ಅದನ್ನ ಮುಟ್ಟೋದೇ ಬೇಡ.

ಕ್ರಾಸ್ ಪಿನ್ ತೆಗೆದು, ಆಕ್ಸಲ್ ಒಳಗೆ ತಳ್ಳಿ ಸಿ ಕ್ಲಿಪ್ (ಆಕ್ಸಲ್ ತುದಿ ಹಿಡಿದಿರೋ ಕ್ಲಿಪ್) ತೆಗೀರಿ, ಆಕ್ಸಲ್ ಎರಡೂ ಹೊರಗೆ, ಆಮೇಲೆ ಕ್ಯಾರಿಯರ್ (ರಿಂಗ್ ಗಿಯರ್ ಕೂತಿರೋ ಗೂಡು). ಎಡಗಡೆ ಶಿಮ್ ಎಡಕ್ಕೇ, ಬಲಗಡೆದು ಬಲಕ್ಕೇ, ಬೇರೆ ಬೇರೆ ಕವರ್‌ನಲ್ಲಿ ಇಡಿ, ಹಾಗೇ ವಾಪಸ್ ಹಾಕಿದ್ರೆ ಬ್ಯಾಕ್‌ಲ್ಯಾಶ್ ಅಲ್ಲೇ ಬಂದು ಕೂರತ್ತೆ. ಹೊಸ ಸ್ಲೀವ್, ಹೊಸ ಸೀಲ್, ಹೊಸ ನಟ್. ಸ್ಲೀವ್ ನಜ್ಜೋಕೆ ಶುರುವಾಗ್ಬೇಕಾದ್ರೆ 200 ಅಡಿ-ಪೌಂಡ್‌ಗಿಂತ ಮೇಲೇ ಬೇಕಾಗತ್ತೆ, ಯೋಕ್ ಹಿಡಿಯೋಕೆ ಉದ್ದನೇ ಬಾರ್ ಮಾಡ್ಕೊಳಿ. ಒಮ್ಮೆ ನಜ್ಜೋಕೆ ಶುರುವಾದ್ರೆ ಕೈ ತುಂಬಾ ನಿಧಾನ ಇರ್ಲಿ, ನಟ್ ಚೂರೇ ಚೂರು ತಿರುಗಿಸೋದು, ಪಿನಿಯನ್ ನಾಕು ಸುತ್ತು ತಿರುಗಿಸೋದು, ಇಂಚ್-ಪೌಂಡ್ ವ್ರೆಂಚ್‌ನಲ್ಲಿ ಅಳೆಯೋದು. ಅಳೆಯೋದು ಪಿನಿಯನ್ ತಿರುಗ್ತಾ ಇರೋವಾಗ, ಅದೂ ಕ್ಯಾರಿಯರ್ ಹೊರಗಿದ್ದಾಗ, ಇಲ್ಲಾಂದ್ರೆ ರೀಡಿಂಗ್ ಸುಳ್ಳು ಹೇಳತ್ತೆ. ಹೊಸ ಬೇರಿಂಗ್‌ಗೆ 20ರಿಂದ 25 ಇಂಚ್-ಪೌಂಡ್. ಅದನ್ನ ದಾಟಿಬಿಟ್ರೆ ನಟ್ ಲೂಸ್ ಮಾಡಿ ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ, ಇನ್ನೊಂದು ಹೊಸ ಸ್ಲೀವ್ ಹಾಕಿ. ಅದಕ್ಕೇ ಎರಡು ಸ್ಲೀವ್ ತಂದಿಟ್ಕೊಂಡೇ ಕೆಲಸ ಶುರು ಮಾಡಿ.

ನೋವಾ ಹುಡುಗ:
ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ ಅಣ್ಣ, ಹೇಗೂ ಬಿಚ್ತಾ ಇದಾರಲ್ಲ, 4.10 ಹಾಕ್ಬೋದಲ್ವಾ?

ಹನ್ನೆರಡು ಬೋಲ್ಟ್:
ಆ ಕ್ಯಾರಿಯರ್‌ಗೆ ಸುಮ್ನೆ ಕೂರಲ್ಲಪ್ಪ. 12 ಬೋಲ್ಟ್‌ನಲ್ಲಿ 3.07ರಿಂದ 3.73ವರೆಗೆ ಒಂದು ಕ್ಯಾರಿಯರ್, 3.90ರಿಂದ ಮೇಲಕ್ಕೆ ಬೇರೆ, ಇಲ್ಲಾಂದ್ರೆ ದಪ್ಪ ರಿಂಗ್ ಗಿಯರ್ ಇರೋ ಸೆಟ್ ಹುಡುಕ್ಬೇಕು. ಹೈವೇ ಲೆಕ್ಕನೂ ನೋಡು, 26 ಇಂಚ್ ಟೈರ್, 65 ಮೈಲಿ, ಟಾಪ್ ಗಿಯರ್ 1:1. 3.31ಕ್ಕೆ ಸುಮಾರು 2780 ಆರ್‌ಪಿಎಂ, 3.73ಕ್ಕೆ 3130, 4.10ಕ್ಕೆ 3440. ಓವರ್‌ಡ್ರೈವ್ ಇಲ್ದೆ ಇರೋ ಗಾಡೀಲಿ ದೂರ ಹೋಗೋರಿಗೆ 3.73ಏ ಸರಿ ಅನ್ನೋದು ನನ್ನ ಅಭಿಪ್ರಾಯ.

ಟ್ರಾಯ್ ಶೆವೆಲ್:
ಅಪ್‌ಡೇಟ್: ಆಯ್ತು!! ಬಿಚ್ಚಿದಾಗ ಪಿನಿಯನ್ ಒಂದೇ ತಿರುಗಿಸಿ ನೋಡಿದ್ರೆ ವ್ರೆಂಚ್ ಮುಳ್ಳು ಸರಿಯಾಗಿ ಏಳ್ತಾನೇ ಇರ್ಲಿಲ್ಲ, ಅಷ್ಟು ಲೂಸು. ಈಗ 22ಕ್ಕೆ ನಿಲ್ಸಿದೀನಿ, ಬೇರಿಂಗ್ ರೇಸ್ ಎಲ್ಲಾ ಬೆರಳಾಡಿಸಿ ನೋಡ್ದೆ, ಗೀರು ಇಲ್ಲ. ಎಲ್ಲಾ ಸೇರಿಸಿದ್ಮೇಲೆ ಮತ್ತೆ ಪೇಸ್ಟ್ ಹಚ್ಚಿದ್ರೆ ಗುರುತು ಮೊದಲಿನ ಜಾಗದಲ್ಲೇ ಇದೆ. ಮೆತ್ತಗೆ 20 ಮೈಲಿ ಓಡಿಸಿ, ಪೂರ್ತಿ ತಣ್ಣಗಾಗೋಕೆ ಬಿಟ್ಟು, ಮತ್ತೆ ಹೈವೇಗೆ ಹೋದ್ರೆ 45, 50, 60, ಎಲ್ಲಿ ಪೆಡಲ್ ಬಿಟ್ರೂ ಸದ್ದಿಲ್ಲ, ಬರೀ ಎಕ್ಸಾಸ್ಟ್ ಕೇಳ್ತಿದೆ. ಒಂದೇ ಬಾಕಿ, ಫೋನ್ ಜಿಪಿಎಸ್ 60 ಅಂದ್ರೆ ಸ್ಪೀಡೋಮೀಟರ್ 67, 68 ತೋರಿಸ್ತಿದೆ.

ಹನ್ನೆರಡು ಬೋಲ್ಟ್:
ತುಂಬಾ ಖುಷಿ ಆಯ್ತು ಸಾರ್. ಸ್ಪೀಡೋಮೀಟರ್ ಕೆಟ್ಟಿಲ್ಲ, 3.73 ಭಾಗಿಸು 3.31 ಅಂದ್ರೆ 1.127, ಅಷ್ಟೇ ಪಾಲು ಜಾಸ್ತಿ ತೋರಿಸ್ತಿದೆ. ಗಿಯರ್‌ಬಾಕ್ಸ್ ಹಿಂಭಾಗದಲ್ಲಿ ಕೇಬಲ್ ಸೇರೋ ಕಡೆ ಚಿಕ್ಕ ಪ್ಲಾಸ್ಟಿಕ್ ಗಿಯರ್ ಇರತ್ತೆ, ಅದರ ಹಲ್ಲು ಎಣಿಸಿ 1.127ರಿಂದ ಗುಣಿಸಿ, 18 ಇದ್ರೆ 20 ಹಲ್ಲಿಂದು ತನ್ನಿ. ಮತ್ತೆ 500 ಮೈಲಿ ಆದ್ಮೇಲೆ ಆಯಿಲ್ ಬದಲಾಯಿಸಿ, 80ಡಬ್ಲ್ಯು-90 ಜಿಎಲ್-5, ಪೋಸಿ ಇರೋದ್ರಿಂದ ಫ್ರಿಕ್ಷನ್ ಮಾಡಿಫೈಯರ್ ಬಾಟ್ಲಿ ಮರೀಬೇಡಿ.