ಪ್ರಿಂಟ್ ಯಾಕೆ ಕೆಂಪಗೆ ಬರ್ತಿದೆ, ಯಾಕೆ ಕಪ್ಪಗೆ ಬರ್ತಿದೆ?

ಪ್ರಶ್ನೆ: ಸರ್ ನಮಸ್ಕಾರ, ಚಿಕ್ಕಬಳ್ಳಾಪುರದಲ್ಲಿ ಸ್ಟುಡಿಯೋ ಇದೆ. ಈಗ 24 ಇಂಚಿನ ಇಂಕ್‌ಜೆಟ್ ತಗೊಂಡಿದೀವಿ, ಲಸ್ಟರ್ (ಅರೆ ಹೊಳಪಿನ) ಪೇಪರ್, ಪೇಪರ್ ಕಂಪನಿಯವರೇ ಕೊಟ್ಟಿರೋ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್, ಪೇಪರಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಹೇಳೋ ಫೈಲ್) ಫೋಟೋಶಾಪಲ್ಲಿ ಸೆಲೆಕ್ಟ್ ಮಾಡಿ ಕೊಡ್ತೀವಿ, ಆದ್ರೂ ಮದುಮಗಳ ಮುಖ ಮಜೆಂಟಾ ಹೊಡೀತಿದೆ. ನಂದಿ ಬೆಟ್ಟದ ಸನ್‌ರೈಸ್ ಒಂದು ಪ್ರಿಂಟ್ ಹಾಕಿದ್ವಿ, ಮಾನಿಟರಲ್ಲಿ ಚೆನ್ನಾಗಿತ್ತು, ಪೇಪರಲ್ಲಿ ಬಂಡೆ ಎಲ್ಲಾ ಕತ್ತಲೆ. ಚೆಂಡು ಹೂವಿನ ಹಾರ ಅಂತೂ ಎಸಳೇ ಕಾಣಲ್ಲ, ಒಂದೇ ಕಿತ್ತಳೆ ಮುದ್ದೆ. ಪ್ರೊಫೈಲ್ ಮಾಡೋ ಮಿಷಿನ್ ತಗೊಂಡ್ಬಿಡ್ಲಾ?

ಉತ್ತರ: ಈಗಲೇ ದುಡ್ಡು ಹಾಕ್ಬೇಡಿ. ನೀವು ಹೇಳ್ತಿರೋದು ಮೂರು ಬೇರೆ ಬೇರೆ ತೊಂದರೆ, ಮೂರಕ್ಕೂ ಪ್ರೊಫೈಲನ್ನೇ ಬೈದ್ರೆ ಆಗಲ್ಲ.

ಮೊದಲು ಮಜೆಂಟಾ. ಫೋಟೋಶಾಪಲ್ಲಿ "ಫೋಟೋಶಾಪ್ ಮ್ಯಾನೇಜಸ್ ಕಲರ್ಸ್" ಅಂತ ಕೊಟ್ಟಿದೀರಿ ಸರಿ, ಆದ್ರೆ ಪ್ರಿಂಟ್ ಸೆಟ್ಟಿಂಗ್ಸ್ ಒಳಗೆ ಹೋಗಿ ಡ್ರೈವರಲ್ಲಿ (ಪ್ರಿಂಟರ್ ನಡೆಸೋ ಸಾಫ್ಟ್‌ವೇರಲ್ಲಿ) ಕಲರ್ ಏನಿದೆ ನೋಡಿ, ಆಟೋಮ್ಯಾಟಿಕ್ ಅಂತಿದ್ರೆ ಒಂದೇ ಫೋಟೋಗೆ ಎರಡು ಸಲ ತಿದ್ದುಪಡಿ ಆಗ್ತಿದೆ, ಚರ್ಮ ಕೆಂಪಾಗೋದು ಅದಕ್ಕೇ. ಡ್ರೈವರಲ್ಲಿ ಕಲರ್ ಆಫ್ ಮಾಡಿ. ಹಂಗೇ ಮೀಡಿಯಾ ಟೈಪ್ (ಪೇಪರ್ ಬಗೆ) ಕೂಡ ಪ್ರೊಫೈಲ್ ಜೊತೆ ಬಂದಿರೋ ಸೂಚನೇಲಿ ಏನಿದ್ಯೋ ಅದನ್ನೇ ಇಡಿ, ಎಷ್ಟು ಇಂಕ್ ಬೀಳ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಗೋದು.

ಪ್ರಶ್ನೆ: ಸರ್ ಆಟೋಮ್ಯಾಟಿಕಲ್ಲೇ ಇತ್ತು! ಆಫ್ ಮಾಡಿದ್ಮೇಲೆ ಮುಖ ಸರಿಹೋಯ್ತು. ಕತ್ತಲೆ ಮಾತ್ರ ಹಂಗೇ ಇದೆ.

ಉತ್ತರ: ಅದು ಮಾನಿಟರ್ ಕಥೆ. ಹೊಸ ಮಾನಿಟರ್ ಬ್ರೈಟ್‌ನೆಸ್ ಸಾಮಾನ್ಯವಾಗಿ ತುಂಬಾ ಜಾಸ್ತಿ ಇಟ್ಕೊಂಡೇ ಬರುತ್ತೆ, ನಾವೂ ಹಂಗೇ ಬಿಟ್ಟಿರ್ತೀವಿ, ಆ ಬೆಳಕಲ್ಲಿ ನೋಡ್ಕೊಂಡು ಫೋಟೋನ ಡಾರ್ಕ್ ಮಾಡ್ತೀವಿ, ಪೇಪರ್‌ಗೆ ಸ್ವಂತ ಬೆಳಕಿಲ್ವಲ್ಲ. ಪ್ರಿಂಟಿಗೆ ಕೆಲಸ ಮಾಡೋರು ಸ್ಕ್ರೀನ್ ಬೆಳಕನ್ನ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಒಳಗೆ ಇಟ್ಕೋತಾರೆ. ಅದನ್ನ ಅಳೆಯೋ ಸಾಧನ ಇಲ್ದಿದ್ರೆ ಪಕ್ಕದಲ್ಲಿ ಒಳ್ಳೆ ಬಿಳಿ ಲೈಟ್ ಕೆಳಗೆ ಖಾಲಿ ಲಸ್ಟರ್ ಹಾಳೆ ಇಡಿ, ಸ್ಕ್ರೀನಲ್ಲಿ ಬಿಳಿ ವಿಂಡೋ ತೆಗೀರಿ, ಎರಡೂ ಹತ್ತಿರ ಹತ್ತಿರ ಒಂದೇ ಬೆಳಕು ಅನ್ನಿಸೋವರೆಗೂ ಬ್ರೈಟ್‌ನೆಸ್ ಇಳಿಸಿ. ಒಂದೆರಡು ದಿನ ಮಂಕು ಅನ್ಸುತ್ತೆ, ಆಮೇಲೆ ಕಣ್ಣು ಒಗ್ಗುತ್ತೆ. ದುಡ್ಡು ಹಾಕೋದಿದ್ರೆ ಮೊದಲು ಮಾನಿಟರ್ ಕ್ಯಾಲಿಬ್ರೇಟರ್‌ಗೆ ಹಾಕಿ. ಆದ್ರೆ ಅದು ಸ್ಕ್ರೀನ್ ಮಾತ್ರ ಅಳೆಯುತ್ತೆ, ಪ್ರಿಂಟ್ ಅಳೆಯೋಕೆ ಸ್ಪೆಕ್ಟ್ರೋಫೋಟೋಮೀಟರೇ ಬೇಕು, ಅಂಗಡೀಲಿ ಎರಡೂ ಒಂದೇ ಅಂದ್ರೆ ನಂಬ್ಬೇಡಿ.

ಚೆಂಡು ಹೂವು ನಮ್ಮ ಕಡೆ ಎಲ್ಲಾ ಸ್ಟುಡಿಯೋದವರ ತಲೆನೋವು, ಮಂಟಪ ತುಂಬಾ ಅದೇ ಅಲ್ವಾ. ಎಸ್‌ಆರ್‌ಜಿಬಿ (ಕಡಿಮೆ ಬಣ್ಣ ಹಿಡಿಯೋ ಸಾಮಾನ್ಯ ಬಣ್ಣದ ವ್ಯಾಪ್ತಿ) ಜೆಪೆಗ್‌ನಲ್ಲಿ ರೆಡ್ ಚಾನಲ್ ಗರಿಷ್ಠ 255ಕ್ಕೆ ಹೋಗಿ ಕೂತಿರುತ್ತೆ, ಬ್ಲೂ ಸೊನ್ನೆಗೆ ಬಿದ್ದಿರುತ್ತೆ, ಎಸಳಿನ ಡೀಟೇಲ್ ಅಲ್ಲೇ ಹೋಗಿರುತ್ತೆ, ಯಾವ ಪ್ರೊಫೈಲೂ ವಾಪಸ್ ತರಲ್ಲ. ರಾ ಫೈಲಿಗೆ (ಕ್ಯಾಮೆರಾದ ಮೂಲ ಫೈಲಿಗೆ) ಹೋಗಿ ಆರೆಂಜ್ ಸ್ಯಾಚುರೇಷನ್ ಇಳಿಸಿ, ಇನ್ನೂ ಜಾಸ್ತಿ ಬಣ್ಣ ಹಿಡಿಯೋ ಅಡೋಬಿ ಆರ್‌ಜಿಬಿಲಿ ತೆಗೀರಿ. ಆಮೇಲೆ ಪ್ರೂಫ್ ಸೆಟಪ್‌ನಲ್ಲಿ ನಿಮ್ಮ ಪೇಪರ್ ಪ್ರೊಫೈಲ್ ಹಾಕಿ ಕಂಟ್ರೋಲ್ ವೈ ಒತ್ತಿ, ಪೇಪರಲ್ಲಿ ಎಷ್ಟು ಬಣ್ಣ ಉಳಿಯುತ್ತೆ ಅಂತ ಇಂಕ್ ಖರ್ಚಾಗೋಕೆ ಮುಂಚೆನೇ ಗೊತ್ತಾಗುತ್ತೆ. ಪರ್ಸೆಪ್ಚುಯಲ್, ರಿಲೇಟಿವ್ (ಪೇಪರ್ ಹಿಡಿಯದ ಬಣ್ಣನ ಅದರ ಮಿತಿ ಒಳಗೆ ತರೋ ಎರಡು ವಿಧಾನ) ಎರಡನ್ನೂ ಹೂವಿನ ಜಾಗದ್ದು ಮಾತ್ರ ಸಣ್ಣ ಪಟ್ಟಿ ತೆಗೆದು ನೋಡಿ. ನಾನಂತೂ ಹಾರಕ್ಕೆ ಪರ್ಸೆಪ್ಚುಯಲ್, ಮುಖಕ್ಕೆ ರಿಲೇಟಿವ್ ಮತ್ತೆ ಬ್ಲಾಕ್ ಪಾಯಿಂಟ್ ಕಾಂಪೆನ್ಸೇಷನ್ (ನೆರಳಿನ ಡೀಟೇಲ್ ಉಳಿಸೋ ಆಪ್ಷನ್) ಟಿಕ್ ಮಾಡ್ತೀನಿ.

ಇನ್ನೊಬ್ಬರು: ಅಣ್ಣಾ ನಾವು ಕೋಲಾರದಲ್ಲಿ ಬಾಟ್ಲಿ ಇಂಕ್ ರೀಫಿಲ್ ಮಾಡ್ತೀವಿ, ಕಂಪನಿ ಪ್ರೊಫೈಲೇ ಸಾಕಲ್ವಾ?

ಉತ್ತರ: ಸಾಲಲ್ಲ. ಪ್ರಿಂಟರ್, ಇಂಕ್, ಪೇಪರ್, ಡ್ರೈವರ್ ಸೆಟ್ಟಿಂಗ್ ನಾಲ್ಕೂ ಸೇರಿ ಒಂದು ಪ್ರೊಫೈಲ್, ಒಂದು ಬದಲಾದ್ರೂ ಅದು ನಿಮ್ಮದಲ್ಲ. ನಿಮಗೆ ಕಸ್ಟಮ್ ಪ್ರೊಫೈಲ್ ಬೇಕೇ ಬೇಕು, ಮಿಷಿನ್ ಕೊಳ್ಳೋದಕ್ಕಿಂತ ಮಾಡಿಕೊಡೋರ ಹತ್ರ ಮಾಡಿಸಿ. ಮೊದಲು ನಾಜಲ್ ಚೆಕ್ (ಇಂಕ್ ಎಲ್ಲಾ ತೂತಿಂದ ಸರಿಯಾಗಿ ಬರ್ತಿದ್ಯಾ ಅಂತ) ಮಾಡಿ. ಪ್ರೊಫೈಲ್ ಮಾಡೋಕೆ ಅಳೆಯೋ ಬಣ್ಣದ ಚೌಕಗಳ ಚಾರ್ಟನ್ನ ಫೋಟೋಶಾಪಿಂದ ಕೊಡ್ಬೇಡಿ, ಸಿಎಸ್5 ಆವೃತ್ತಿ ಬಂದಾಗಿಂದ ಅದರಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಪೂರ್ತಿ ಆಫ್ ಮಾಡೋ ಆಪ್ಷನ್ ಇಲ್ಲ, ಅಡೋಬಿಯವರದೇ ಕಲರ್ ಪ್ರಿಂಟರ್ ಯುಟಿಲಿಟಿ ಫ್ರೀ ಸಿಗುತ್ತೆ, ಅದರಲ್ಲಿ ತೆಗೀರಿ. ಒಂದು ರಾತ್ರಿ ಒಣಗೋಕೆ ಬಿಟ್ಟು, ಹಾಳೆಗಳನ್ನ ಮಡಚದೆ ಪ್ರೊಫೈಲ್ ಮಾಡೋರಿಗೆ ಕೊರಿಯರ್ ಮಾಡಿ. ವಾಟ್ಸಾಪಲ್ಲಿ ಚಾರ್ಟ್ ಫೋಟೋ ಕಳಿಸೋರು ಇದಾರೆ, ಅದರಿಂದ ಏನೂ ಆಗಲ್ಲ. ಇಂಕ್ ಬ್ರ್ಯಾಂಡ್ ಬದಲಾಯಿಸಿದ್ರೆ ಮತ್ತೆ ಮೊದಲಿಂದ.

ಪ್ರಶ್ನೆ: ಸರ್ ಹೂವಿನ ಫೋಟೋ ರಾ ಇಲ್ಲ, ಜೆಪೆಗ್ ಮಾತ್ರ ಇದೆ. ಆಲ್ಬಮ್ ಸೋಮವಾರ ಕೊಡ್ಬೇಕು.

ಉತ್ತರ: ಹಂಗಾದ್ರೆ ಆ ಫೋಟೋನ ದೊಡ್ಡದಾಗಿ ಹಾಕ್ಬೇಡಿ, ಪೇಜಲ್ಲಿ ಸಣ್ಣದು ಮಾಡಿ. ಮುಂದಿನ ಮದುವೆಗೆ ಕ್ಯಾಮೆರಾ ರಾ ಪ್ಲಸ್ ಜೆಪೆಗ್‌ನಲ್ಲಿ ಇಡಿ.