ಅಂಕೋರ್ ವಾಟ್: ಮಂಡಿ ನೋವಿರುವ ಅಮ್ಮನ ಜೊತೆ ಹೇಗೆ ನೋಡುವುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನ ಜೊತೆ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಅಂಕೋರ್ ವಾಟ್ ದೇವಾಲಯ ನೋಡಲು ಹೋಗುತ್ತಿದ್ದೇವೆ. ಇಬ್ಬರಿಗೂ ಮೊದಲ ಸಲ. ಪ್ರವೇಶದ ಪಾಸ್ ಲೆಕ್ಕ ಮುಗಿದಿದೆ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62. ಎರಡು ದಿನ ಸುತ್ತಿದರೂ ಮೂರು ದಿನದ್ದೇ ಅಗ್ಗ, ಅದನ್ನೇ ತಗೊಳ್ತೀವಿ. ಭುಜ, ಮಂಡಿ ಮುಚ್ಚುವ ಬಟ್ಟೆಯ ನಿಯಮಕ್ಕೆ ಅಮ್ಮನ ಸೀರೆ ಇದೆ, ಚಿಂತೆಯಿಲ್ಲ.

ತಲೆನೋವು ನಡಿಗೆಯದ್ದು. ಅಮ್ಮ ಸಮತಟ್ಟಾದ ಕಡೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮಾತ್ರ ಕಷ್ಟ. ಮೇಲಿನ ಬಾಕಾನ್ ಗೋಪುರದ ಕಡಿದಾದ ಮೆಟ್ಟಿಲು ಬೇಡ ಅಂತ ಅವರೇ ಹೇಳಿಬಿಟ್ಟಿದ್ದಾರೆ. ಆದರೆ ಮೊದಲ ಅಂತಸ್ತಿನ ಸಮುದ್ರ ಮಥನದ ಕೆತ್ತನೆ ನೋಡಲೇಬೇಕಂತೆ! ಅದು ಪೂರ್ವದ ಗೋಡೆಯಲ್ಲಿದೆ. ಎಲ್ಲರೂ ಹೋಗುವುದು ಪಶ್ಚಿಮದ ಕಂದಕ ದಾಟಿ, ಉದ್ದನೆಯ ಕಲ್ಲುದಾರಿಯಲ್ಲಿ. ಹೋಟೆಲ್‌ನವರನ್ನು ಕೇಳಿದರೆ ಸೂರ್ಯೋದಯದ ಪ್ಯಾಕೇಜ್ ಬಿಟ್ಟು ಬೇರೆ ಮಾತಿಲ್ಲ. ವಿಡಿಯೋಗಳಲ್ಲೂ ಬರೀ ಕೊಳದ ಫೋಟೋ.

ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಳಿ: ಟುಕ್‌ಟುಕ್‌ನಲ್ಲಿ ಪೂರ್ವ ಬಾಗಿಲಿಗೆ ಹೋಗಿ ಇಳಿದರೆ ನಡಿಗೆ ನಿಜವಾಗಿಯೂ ಕಡಿಮೆಯಾಗುತ್ತಾ? ಆ ಕಡೆಯಿಂದ ಕೆತ್ತನೆಯ ಗ್ಯಾಲರಿಗೆ ಹತ್ತಲು ಕೈಹಿಡಿ ಇರುವ ಮೆಟ್ಟಿಲು ಇದೆಯಾ?