ಡಾಕ್ಟರ್ ಹತ್ತಿರ ಕೇಳಿ: ಮಕ್ಕಳ ಕೈಗೆ ತೂಕ ಇಳಿಸುವ ಮಾತ್ರೆ

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ನಮಸ್ಕಾರ ಡಾಕ್ಟರೇ. ಮಗಳಿಗೆ 16 ವರ್ಷ, ಮೊದಲ ಪಿಯುಸಿ. ಒಂದು ತಿಂಗಳಿಂದ ಊಟ ಸೇರುತ್ತಿಲ್ಲ, ಕಾಲೇಜಿಗೆ ಕಟ್ಟಿದ ಚಪಾತಿ ಹಾಗೇ ವಾಪಸ್ ಬರುತ್ತದೆ. ರಾತ್ರಿ ನಿದ್ದೆ ಇಲ್ಲ. ಬಾಯಿ ಒಣಗುತ್ತದೆ, ಎದೆ ಡವಡವ ಅನ್ನುತ್ತದೆ ಅಂತಾಳೆ. ಪರೀಕ್ಷೆ ಭಯ ಇರಬೇಕು ಅಂದುಕೊಂಡಿದ್ದೆವು. ನಿನ್ನೆ ಅವಳ ಬ್ಯಾಗಿನಲ್ಲಿ ಒಂದು ಕ್ಯಾಪ್ಸೂಲ್ ಡಬ್ಬಿ ಸಿಕ್ಕಿತು. ‘ಪೂರ್ತಿ ಹರ್ಬಲ್’ ಅಂತ ಬರೆದಿದೆ. ಇನ್‌ಸ್ಟಾಗ್ರಾಮ್ ನೋಡಿ ತರಿಸಿದಳಂತೆ. ಗಿಡಮೂಲಿಕೆ ಆದರೆ ತೊಂದರೆ ಇಲ್ಲ ಅಲ್ವಾ?

ಉತ್ತರ (ಮಕ್ಕಳ ಡಾಕ್ಟರ್): ಅಮ್ಮ, ಆ ಮಾತ್ರೆ ಇವತ್ತೇ ನಿಲ್ಲಿಸಿ. ಡಬ್ಬಿ ಮಾತ್ರ ಎಸೆಯಬೇಡಿ, ಡಾಕ್ಟರಿಗೆ ತೋರಿಸಬೇಕು. ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್ ಇದೆಯಾ ನೋಡಿ. ಹೀಗೆ ಕೊರಿಯರ್‌ನಲ್ಲಿ ಬರುವ ಡಬ್ಬಿಗಳಲ್ಲಿ ಎಷ್ಟೋ ಸಲ ಅವು ಇರುವುದೇ ಇಲ್ಲ.

ನೀವು ಹೇಳಿದ ಲಕ್ಷಣಗಳು ನನಗೆ ಯೋಚನೆ ತಂದಿವೆ. ಹಸಿವು ಸತ್ತುಹೋಗುವುದು, ನಿದ್ದೆ ಬಾರದಿರುವುದು, ಬಾಯಿ ಒಣಗುವುದು, ಎದೆ ಬಡಿತ. ಸಿಬುಟ್ರಮಿನ್ ಅನ್ನುವ ಔಷಧಿ ಮಾಡುವುದು ಇದನ್ನೇ. ಹಿಂದೆ ಡಾಕ್ಟರುಗಳೇ ಅದನ್ನು ತೂಕ ಇಳಿಸಲು ಬರೆದುಕೊಡುತ್ತಿದ್ದರು. ಹೃದಯದ ತೊಂದರೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಆಗುತ್ತದೆ ಅಂತ ದೊಡ್ಡ ಅಧ್ಯಯನವೊಂದರಲ್ಲಿ ಗೊತ್ತಾಯಿತು. 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಅದು ಹೋಯಿತು. 2011ರಲ್ಲಿ ನಮ್ಮ ಸರ್ಕಾರವೂ ನಿಷೇಧಿಸಿತು. ಆದರೆ ‘ಹರ್ಬಲ್’ ಮಾತ್ರೆಗಳ ಒಳಗೆ ಅದನ್ನು ಕದ್ದು ಬೆರೆಸುವುದು ನಿಂತಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಉತ್ಪನ್ನಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಡುತ್ತಲೇ ಇದೆ. ನಿಮ್ಮ ಡಬ್ಬಿಯಲ್ಲಿ ಅದೇ ಇದೆ ಅಂತ ಪರೀಕ್ಷೆ ಮಾಡಿಸದೆ ಹೇಳಲಾಗದು. ಸುಮ್ನೆ ಕಾಯುವುದು ಮಾತ್ರ ಬೇಡ. ನಾಳೆ ಬೆಳಗ್ಗೆಯೇ ಬಿಪಿ, ನಾಡಿ, ಇಸಿಜಿ ನೋಡಿಸಿ. ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಲಿವರ್ ಪರೀಕ್ಷೆಯೂ ಆಗಲಿ. ಎದೆನೋವು, ತಲೆ ಸುತ್ತಿ ಬೀಳುವುದು, ಉಸಿರು ಕಟ್ಟುವುದು ಕಂಡರೆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಓದುಗರೊಬ್ಬರು, ಶಿರಸಿ): ನಮ್ಮ ಕಡೆ ಉಪ್ಪಾಗೆ ಅನ್ನುವ ಹುಳಿ ಹಣ್ಣಿನ ಸಿಪ್ಪೆಯಿಂದಲೂ ತೂಕ ಇಳಿಸುವ ಮಾತ್ರೆ ಮಾಡುತ್ತಾರಲ್ಲ ಸರ್? ನಾವು ಅದನ್ನು ಅಡುಗೆಗೇ ಹಾಕುತ್ತೇವೆ.

ಉತ್ತರ: ಅಡುಗೆಗೆ ಹುಳಿಯಾಗಿ ಬಳಸಿ, ಭಯವಿಲ್ಲ. ಮಾತ್ರೆಯಲ್ಲಿ ಇರುವುದು ಅದರ ಹುಳಿ ಅಂಶವನ್ನು ಗಟ್ಟಿಯಾಗಿ ತೆಗೆದ ಸಾರ. ಹೆಸರು ಗಾರ್ಸಿನಿಯಾ ಅಂತ ಇರುತ್ತದೆ. ಅದನ್ನು ತಿಂದು ಲಿವರ್ ಹಾಳಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಕೆಲವರಿಗೆ ಲಿವರ್ ಕಸಿಯೇ ಬೇಕಾಯಿತು. ಇಳಿಯುವ ತೂಕವೋ ತೀರಾ ಕಡಿಮೆ.

ಪ್ರಶ್ನೆ (ಹಾಸ್ಟೆಲ್ ವಾರ್ಡನ್): ನಮ್ಮಲ್ಲಿ ಕೆಲವು ಹುಡುಗಿಯರು ತೂಕ ಇಳಿಯಲಿ ಅಂತ ಭೇದಿ ಆಗುವ ಮಾತ್ರೆ ತಗೊಳ್ಳುತ್ತಾರೆ. ಒಬ್ಬಳು ಅಜ್ಜಿಯ ಥೈರಾಯ್ಡ್ ಮಾತ್ರೆ ತಂದಿಟ್ಟುಕೊಂಡಿದ್ದಳು. ಇವೆಲ್ಲ ಮೆಡಿಕಲ್ ಶಾಪಿನ ಮಾತ್ರೆಗಳೇ ತಾನೇ?

ಉತ್ತರ: ಅಂಗಡಿಯದ್ದು ಅಂದ ಮಾತ್ರಕ್ಕೆ ಅಪಾಯ ಕಡಿಮೆಯಾಗದು ಮೇಡಂ. ಊಟದ ಸತ್ವವನ್ನು ಸಣ್ಣ ಕರುಳು ಹೀರಿಕೊಂಡು ಮುಗಿದ ಮೇಲೆ, ದೊಡ್ಡ ಕರುಳಿನಲ್ಲಿ ಭೇದಿ ಮಾತ್ರೆ ಕೆಲಸ ಮಾಡುತ್ತದೆ. ಹೋಗುವುದು ನೀರು, ಉಪ್ಪು, ಪೊಟ್ಯಾಸಿಯಂ. ತೂಕದ ಯಂತ್ರದಲ್ಲಿ ಮುಳ್ಳು ಇಳಿದದ್ದು ಕಾಣುತ್ತದೆ, ಕೊಬ್ಬು ಅಲ್ಲೇ ಇರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಥೈರಾಯ್ಡ್ ಸರಿ ಇರುವ ಹುಡುಗಿ ಆ ಮಾತ್ರೆ ತಿಂದರೂ ಹೃದಯಕ್ಕೇ ಪೆಟ್ಟು, ಮೂಳೆಗೂ ಪೆಟ್ಟು. ಆದರೆ ಡಾಕ್ಟರ್ ಬರೆದುಕೊಟ್ಟು ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿರುವ ಮಕ್ಕಳು ಇದನ್ನು ಓದಿ ನಿಲ್ಲಿಸಬಾರದು, ದಯವಿಟ್ಟು.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗುತ್ತಿರುತ್ತದೆ. ಮುಂದೆ ಎಷ್ಟೇ ಹಾಲು ಕುಡಿದರೂ ಈಗ ತಪ್ಪಿದ್ದನ್ನು ಪೂರ್ತಿ ತುಂಬಿಸಿಕೊಳ್ಳಲಾಗದು. ಮುಟ್ಟು ನಿಂತುಹೋಗಿದ್ದರೆ ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಪ್ರಶ್ನೆ (ಒಬ್ಬ ತಂದೆ): ಮಗ ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ಕೊಬ್ಬು ಕರಗಿಸುವ ‘ಫ್ಯಾಟ್ ಬರ್ನರ್’ ತಂದಿದ್ದಾನೆ. 17 ವರ್ಷ.

ಉತ್ತರ: ಬಿಡಿಸಿ. ಅಂಥವುಗಳಲ್ಲಿ ಕೆಫೀನ್ ಜಾಸ್ತಿ ಇರುತ್ತದೆ, ಬೇರೇನು ಇದೆಯೋ ನಂಬುವಂತಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 18 ತುಂಬದವರಿಗೆ ಇವನ್ನೂ ತೂಕ ಇಳಿಸುವ ಮಾತ್ರೆಗಳನ್ನೂ ಮಾರಬಾರದು ಅಂತ 2024ರಿಂದ ಕಾನೂನೇ ಇದೆ. ನಮ್ಮಲ್ಲೂ ಅಂಥದ್ದು ಬರಬೇಕು ಅನ್ನುವುದು ನನ್ನ ಆಸೆ.

ಪ್ರಶ್ನೆ (ವಿದ್ಯಾರ್ಥಿನಿ): ಸರ್, ನಿಜವಾಗಲೂ ದಪ್ಪ ಇರುವವರು ಏನು ಮಾಡಬೇಕು? ಮನೆಯಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಉತ್ತರ: ನಿನ್ನ ಪ್ರಶ್ನೆ ನ್ಯಾಯವಾದದ್ದು ಮಗಳೇ. ಮೊದಲು ತೂಕ ಯಾಕೆ ಏರಿದೆ ಅಂತ ನೋಡಬೇಕು. ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇರಬಹುದು, ಥೈರಾಯ್ಡ್ ಇರಬಹುದು, ಬೇರೆ ಮಾತ್ರೆಯೊಂದರ ಪರಿಣಾಮ ಇರಬಹುದು. ಬೊಜ್ಜು ಆರೋಗ್ಯಕ್ಕೇ ತೊಂದರೆ ಕೊಡುತ್ತಿದ್ದರೆ ಔಷಧಿಯೂ ಇದೆ. ಅಮೆರಿಕದಲ್ಲಿ 12 ವರ್ಷ ತುಂಬಿದವರಿಗೆ ಆರ್ಲಿಸ್ಟಾಟ್ ಮಾತ್ರೆ, ಸೆಮಾಗ್ಲುಟೈಡ್ ಇಂಜೆಕ್ಷನ್‌ಗೆ ಒಪ್ಪಿಗೆ ಇದೆ. ಆದರೆ ತಜ್ಞರು ಪರೀಕ್ಷಿಸಿ, ಊಟ ಮತ್ತು ಓಡಾಟದ ಜೊತೆಗೆ, ಆಗಾಗ ನೋಡುತ್ತಾ ಕೊಡುವ ಔಷಧಿ ಅದು. ಗೆಳತಿಯ ಹತ್ತಿರ ಹಂಚಿಕೊಳ್ಳುವಂಥದ್ದಲ್ಲ.

ದಾವಣಗೆರೆಯ ತಾಯಿ: ಡಾಕ್ಟರೇ, ನಾಳೆ ಕರೆದುಕೊಂಡು ಹೋಗುತ್ತೇವೆ. ಅವಳ ಅಪ್ಪ ತುಂಬಾ ಸಿಟ್ಟಾಗಿದ್ದಾರೆ. ಏನು ಮಾತಾಡಲಿ?

ಉತ್ತರ: ಬೈಯಬೇಡಿ ಅಂತ ಅವರಿಗೆ ಹೇಳಿ. ಬೈದರೆ ಮುಂದಿನ ಡಬ್ಬಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಯಾವಾಗಿಂದ, ದಿನಕ್ಕೆ ಎಷ್ಟು, ಜೊತೆಗೆ ಬೇರೇನಾದರೂ ತಗೊಂಡೆಯಾ ಅಂತಷ್ಟೇ ಮೆತ್ತಗೆ ಕೇಳಿ, ಬರೆದುಕೊಳ್ಳಿ. ಡಾಕ್ಟರ್ ಹತ್ತಿರ ಅವಳು ಒಬ್ಬಳೇ ಐದು ನಿಮಿಷ ಮಾತಾಡಲಿ, ನೀವು ಹೊರಗೆ ಕೂತಿರಿ. ಊಟ ಬಿಡುವುದು, ತಿಂದು ವಾಂತಿ ಮಾಡುವುದು ಇದ್ದರೆ ಮನೋವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.